ಎಜ್ರನು ಕೇಳದೆ ಹೋದ ಕಾವಲು ದಂಡು



ಮನುಷ್ಯರು ತಮ್ಮ ಪಾಪದ ನಿಮಿತ್ತ ನಾಚಿಕೊಂಡ ಸಂಗತಿಗಳು ಸತ್ಯವೇದದಲ್ಲಿ ಅನೇಕ ಉಂಟು. ಎಜ್ರನ ಪುಸ್ತಕದ 8ನೇ ಅಧ್ಯಾಯದಲ್ಲಿಯಾದರೋ ಬೇರೊಂದು ವಿಧವಾದ ನಾಚಿಕೆಯನ್ನು ಕಾಣುತ್ತೇವೆ. ಪಾರಸಿಯ ರಾಜನಾದ ಅರ್ತಷಸ್ತನ ಅಪ್ಪಣೆಯನ್ನು ಹೊಂದಿ ಬಾಬೆಲಿನಿಂದ ಯೆರೂಸಲೇಮಿಗೆ ಹೊರಟ ಎಜ್ರನು, ದಾರಿಯಲ್ಲಿ ಶತ್ರುಗಳಿಂದ ಕಾಪಾಡುವದಕ್ಕೋಸ್ಕರ ಕಾಲಾಳುಗಳನ್ನೂ ರಾಹುತರನ್ನೂ ರಾಜನಿಂದ ಕೇಳಿಕೊಳ್ಳುವದಕ್ಕೆ ನಾಚಿದನು. ತನ್ನನ್ನು ಹುಡುಕುವವರ ಮೇಲೆ ದೇವರ ಕೈ ಇರುತ್ತದೆಂದು ಅವನು ಮೊದಲೇ ರಾಜನ ಮುಂದೆ ಹೇಳಿಬಿಟ್ಟಿದ್ದನು. ಅದೇ ಬಾಯಿಂದ ಈಗ ಕಾವಲನ್ನು ಬೇಡುವದು ಹೇಗೆ?

ಇದು ಸಾಮಾನ್ಯವಾಗಿ ಎಣಿಸುವ ಪ್ರಕಾರ ಕ್ರಿ.ಪೂ. 458ರಲ್ಲಿ ನಡೆಯಿತು. ಹದಿಮೂರು ವರುಷಗಳಾದ ಮೇಲೆ, ಕ್ರಿ.ಪೂ. 445ರಲ್ಲಿ, ಅದೇ ಅರ್ತಷಸ್ತನ ಪಾನಸೇವಕನಾದ ನೆಹೆಮೀಯನು ಅದೇ ಯೆರೂಸಲೇಮಿಗೆ ಹೋದನು. ಅವನ ಸಂಗಡ ದಂಡಿನ ಸರದಾರರೂ ರಾಹುತರೂ ಹೋದರು. ಅವನು ನಾಚಿದನೆಂದು ಬರೆದಿಲ್ಲ. ಇಬ್ಬರೂ ದೇವರ ಸೇವಕರು. ಇಬ್ಬರ ವೃತ್ತಾಂತಗಳೂ ಇಬ್ರಿಯರ ಪುಸ್ತಕದಲ್ಲಿ ಒಂದೇ ಗ್ರಂಥವಾಗಿದ್ದವು. ಹಾಗಾದರೆ ಇವರಲ್ಲಿ ಯಾರು ಸರಿಯಾಗಿ ನಡೆದರು?

ಈ ಪ್ರಶ್ನೆಯು ಹಳೇ ಕಾಲದ್ದು ಮಾತ್ರವಲ್ಲ. ವಿಶ್ವಾಸಿಯೊಬ್ಬನ ಹೊಲದ ಬದುವನ್ನು ನೆರೆಯವನು ಒತ್ತಿಕೊಂಡರೆ, ಅಥವಾ ಕ್ರಿಸ್ತನ ಹೆಸರಿನ ನಿಮಿತ್ತ ಒಂದು ಮನೆಯವರಿಗೆ ಬಾವಿಯ ನೀರು ತಪ್ಪಿದರೆ, ಸಭೆಯಲ್ಲಿ ಎರಡು ಮಾತುಗಳು ಹುಟ್ಟುತ್ತವೆ. ಠಾಣೆಗೆ ಹೋಗೋಣ, ಅಧಿಕಾರಿಗಳಿರುವದು ಅದಕ್ಕಾಗಿಯೇ ಎಂದು ಕೆಲವರು ಅನ್ನುತ್ತಾರೆ. ದೇವರಿಗೆ ಒಪ್ಪಿಸಿಬಿಡೋಣ, ಕಚೇರಿಯ ಮೆಟ್ಟಿಲನ್ನು ಹತ್ತುವದು ಅವಿಶ್ವಾಸವೆಂದು ಬೇರೆ ಕೆಲವರು ಅನ್ನುತ್ತಾರೆ. ಒಬ್ಬರು ನೆಹೆಮೀಯನನ್ನು ತೋರಿಸಿದರೆ ಮತ್ತೊಬ್ಬರು ಎಜ್ರನನ್ನು ತೋರಿಸುತ್ತಾರೆ. ಆದಕಾರಣ ಎಜ್ರನು ಕೇಳದೆ ಬಿಟ್ಟದ್ದು ಏನೆಂಬದನ್ನು ಮೊದಲು ತಿಳಿದುಕೊಂಡು, ಆಮೇಲೆ ಅವನು ಯಾಕೆ ಕೇಳಲಿಲ್ಲವೆಂಬದನ್ನು ವಿಚಾರಿಸೋಣ.

ಆ ಕಾಲದಲ್ಲಿ ಪಾರಸಿಯರ ದಂಡಿಗೆ ಸಮನಾದದ್ದು ಭೂಮಿಯ ಮೇಲೆ ಇರಲಿಲ್ಲ. ಸಿಂಧೂ ನದಿಯಿಂದ ಐಗುಪ್ತದ ವರೆಗೆ ಹಬ್ಬಿದ ರಾಜ್ಯವನ್ನು ಅದು ಗೆದ್ದು ಕಾಯುತ್ತಿತ್ತು. ಹತ್ತು ಮಂದಿಗೆ ಒಬ್ಬ ನಾಯಕ, ನೂರಕ್ಕೆ ಒಬ್ಬ, ಸಾವಿರಕ್ಕೆ ಒಬ್ಬ, ಹತ್ತು ಸಾವಿರಕ್ಕೆ ಒಬ್ಬ, ಹೀಗೆ ಅದನ್ನು ಕ್ರಮಪಡಿಸಿದ್ದರು. ಪಾರಸಿಯನ ಮುಖ್ಯ ಆಯುಧವು ಬಿಲ್ಲು. ಯುದ್ಧದಲ್ಲಿ ಮುಂದಿನ ಸಾಲಿನವರು ಬೆತ್ತದಂಥ ಕಡ್ಡಿಗಳಿಂದ ಹೆಣೆದ ಎತ್ತರವಾದ ಗುರಾಣಿಗಳನ್ನು ಬೇಲಿಯಂತೆ ನಿಲ್ಲಿಸುವರು; ಹಿಂದಿನವರು ಆ ಬೇಲಿಯ ಮರೆಯಿಂದ ಬಾಣಗಳನ್ನು ಮಳೆಯಂತೆ ಸುರಿಸುವರು; ಶತ್ರುಗಳು ಚದರಿದ ಕೂಡಲೆ ರಾಹುತರು ಅವರ ಮೇಲೆ ಬೀಳುವರು. ಇದಲ್ಲದೆ ಗಿಡ್ಡ ಈಟಿಯೂ ಸೊಂಟದಲ್ಲಿ ಚೂರಿಯೂ ಇರುತ್ತಿದ್ದವು. ರಾಜನ ಸ್ವಂತ ದಂಡಿನಲ್ಲಿ ಹತ್ತು ಸಾವಿರ ಮಂದಿ ಇದ್ದರು. ಒಬ್ಬನು ಸತ್ತರೆ ಅಥವಾ ರೋಗದಲ್ಲಿ ಬಿದ್ದರೆ ಒಡನೆ ಇನ್ನೊಬ್ಬನನ್ನು ಆ ಸ್ಥಳದಲ್ಲಿ ನಿಲ್ಲಿಸುತ್ತಿದ್ದದರಿಂದ, ಅವರ ಲೆಕ್ಕವು ಎಂದೂ ಕಡಿಮೆಯಾಗದ ಕಾರಣ ಅವರಿಗೆ ಅಮರರೆಂಬ ಹೆಸರು ಇತ್ತೆಂದು ಗ್ರೀಕ್ ಚರಿತ್ರೆಗಾರನಾದ ಹೆರೊಡೋಟನು ಬರೆದಿದ್ದಾನೆ. ಅವರಲ್ಲಿ ಸಾವಿರ ಮಂದಿಯ ಈಟಿಗಳ ಬುಡದಲ್ಲಿ ಬಂಗಾರದ ದಾಳಿಂಬೆಗಳೂ ಉಳಿದವರ ಈಟಿಗಳಲ್ಲಿ ಬೆಳ್ಳಿಯವುಗಳೂ ಇದ್ದವು. ಎಸ್ತೇರಳ ಪುಸ್ತಕದಲ್ಲಿ ಹೇಳಿರುವ ಶೂಷನ್ ಕೋಟೆಯ ಅರಮನೆಯ ಗೋಡೆಗಳಿಗೆ ಬಣ್ಣದ ಇಟ್ಟಿಗೆಗಳಿಂದ ಬಿಲ್ಲುಗಾರರ ಸಾಲನ್ನು ರಚಿಸಿದ್ದರು. ಆ ಇಟ್ಟಿಗೆಯ ಯೋಧರನ್ನು ಇಂದಿಗೂ ಪ್ಯಾರಿಸ್ ನಗರದ ಲೂವ್ರ್ ಸಂಗ್ರಹಾಲಯದಲ್ಲಿ ನೋಡಬಹುದು.

ಈ ದಂಡಿನ ಬಲವನ್ನೂ ಬಲಹೀನತೆಯನ್ನೂ ತಿಳಿಯಬೇಕಾದರೆ ಅರ್ತಷಸ್ತನ ತಂದೆಯ ದಂಡಯಾತ್ರೆಯನ್ನು ನೋಡಬೇಕು. ಸತ್ಯವೇದವು ಅವನನ್ನು ಅಹಷ್ವೇರೋಷನೆಂದು ಕರೆಯುತ್ತದೆ. ಗ್ರೀಕರು ಅವನನ್ನು ಕ್ಸೆರ್ಕ್ಸನೆಂದರು. ಕ್ರಿ.ಪೂ. 480ರಲ್ಲಿ ಅವನು ಗ್ರೀಸ್ ದೇಶದ ಮೇಲೆ ಹೊರಟನು. ಆ ದಂಡಿನ ಸಂಗತಿಗಳನ್ನು ಬರೆದ ಹೆರೊಡೋಟನು ಎದುರು ಪಕ್ಷದವನು. ಕಾಲಾಳುಗಳೇ 17 ಲಕ್ಷವೆಂಬ ಅವನ ಲೆಕ್ಕವನ್ನು ಈಗಿನ ಪಂಡಿತರು ಒಪ್ಪುವದಿಲ್ಲ. ಆದರೂ ಅದು ಮಹಾ ದಂಡಾಗಿತ್ತೆಂಬದರಲ್ಲಿ ಸಂದೇಹವಿಲ್ಲ. ಅದನ್ನು ಎಣಿಸಿದ ರೀತಿಯನ್ನೂ ಅವನು ಹೇಳುತ್ತಾನೆ. ಹತ್ತು ಸಾವಿರ ಮಂದಿಯನ್ನು ಒತ್ತೊತ್ತಾಗಿ ನಿಲ್ಲಿಸಿ, ಸುತ್ತಲೂ ಗೆರೆ ಎಳೆದು, ಗೆರೆಯ ಮೇಲೆ ಸೊಂಟದುದ್ದ ಗೋಡೆ ಕಟ್ಟಿ, ಆ ಗೋಡೆಯೊಳಗೆ ಮತ್ತೆ ಮತ್ತೆ ಜನರನ್ನು ತುಂಬಿ ಖಾಲಿಮಾಡಿದರಂತೆ. ಕಣದಲ್ಲಿ ಭತ್ತವನ್ನು ಕೊಳಗದಿಂದ ಅಳೆಯುವ ಹಾಗೆ ಅಲ್ಲಿ ಮನುಷ್ಯರನ್ನು ಅಳೆದರು. ನಮ್ಮ ಹಿಂದೂ ದೇಶದ ಬಿಲ್ಲುಗಾರರೂ ಹತ್ತಿಯ ಬಟ್ಟೆ ತೊಟ್ಟು, ಬಿದಿರಿನಂಥ ದಂಟಿನ ಬಿಲ್ಲುಗಳನ್ನೂ ಕಬ್ಬಿಣದ ಮೊನೆಯುಳ್ಳ ಬಾಣಗಳನ್ನೂ ಹಿಡುಕೊಂಡು ಆ ಗುಂಪಿನಲ್ಲಿದ್ದರು. ಗ್ರೀಸ್ ಎಂಬದು ಎಲ್ಲಿದೆಯೋ, ಅಲ್ಲಿಯ ಜನರು ತಮಗೆ ಮಾಡಿದ ಅಪರಾಧವೇನೋ, ಆ ಬಡವರಲ್ಲಿ ಎಷ್ಟು ಮಂದಿಗೆ ತಿಳಿದಿದ್ದೀತು?

ಏಷ್ಯಕ್ಕೂ ಯೂರೋಪಿಗೂ ನಡುವೆ ಇರುವ ಸಮುದ್ರದ ಕಾಲುವೆಗೆ ದೋಣಿಗಳ ಸೇತುವೆಯನ್ನು ಕಟ್ಟಿಸಲು, ಬಿರುಗಾಳಿಯು ಅದನ್ನು ಮುರಿದುಹಾಕಿತು. ಆಗ ರಾಜನು ಸಮುದ್ರಕ್ಕೆ 300 ಕೊರಡೆಯ ಏಟುಗಳನ್ನು ಹಾಕಿಸಿ, ನೀರಿನಲ್ಲಿ ಬೇಡಿಗಳನ್ನು ಎಸೆಯಿಸಿ, ಸೇತುವೆ ಕಟ್ಟಿದವರ ತಲೆಗಳನ್ನು ಹೊಡಿಸಿದನು. ಎರಡನೆಯ ಸಾರಿ ಕಟ್ಟಿದ ಸೇತುವೆಗಳ ಮೇಲೆ ದಂಡು ಏಳು ಹಗಲು ಏಳು ರಾತ್ರಿ ಕೊರಡೆಯ ಏಟಿನ ಕೆಳಗೆ ದಾಟಿತು. ಲುದ್ಯ ದೇಶದವನಾದ ಪಿಥಿಯನೆಂಬ ಐಶ್ವರ್ಯವಂತನು, ತನ್ನ ಐದು ಮಂದಿ ಮಕ್ಕಳೂ ದಂಡಿನಲ್ಲಿ ಇದ್ದದರಿಂದ, ಮುಪ್ಪಿನಲ್ಲಿ ತನ್ನನ್ನು ನೋಡಿಕೊಳ್ಳುವದಕ್ಕೆ ಹಿರಿಯವನೊಬ್ಬನನ್ನು ಬಿಡಬೇಕೆಂದು ರಾಜನಿಗೆ ಬಿನ್ನವಿಸಿದನು. ರಾಜನು ಆ ಹಿರೀ ಮಗನನ್ನೇ ಎರಡು ತುಂಡಾಗಿ ಕಡಿಸಿ, ದಾರಿಯ ಎರಡು ಕಡೆಗಳಲ್ಲಿ ಇಡಿಸಿ, ದಂಡೆಲ್ಲವನ್ನು ಆ ತುಂಡುಗಳ ನಡುವೆ ನಡಿಸಿದನೆಂದು ಬರೆದದೆ. ಹೀಗೆ ಮಾಡಿದ ರಾಜನೇ ಸಮುದ್ರತೀರದಲ್ಲಿ ತನ್ನ ಜನಸಮೂಹವನ್ನು ನೋಡಿ, ನೂರು ವರುಷಗಳ ಮೇಲೆ ಇವರಲ್ಲಿ ಒಬ್ಬನೂ ಜೀವದಿಂದಿರುವದಿಲ್ಲವಲ್ಲಾ ಎಂದು ಅತ್ತನಂತೆ. ನೂರು ವರುಷಗಳ ಮೇಲಣ ಮರಣಕ್ಕೆ ಕಣ್ಣೀರು ಸುರಿಸಿದನು. ಆ ವರುಷದ ಮರಣಗಳಿಗೆ ಅವನೇ ಅಪ್ಪಣೆ ಕೊಟ್ಟನು.

ಇದರ ಅಂತ್ಯವೇನಾಯಿತು? ಅದೇ ವರುಷ ಸಲಾಮಿಸ್ ಎಂಬಲ್ಲಿ ಅವನ ಹಡಗುಗಳು ಮುರಿದುಹೋದವು. ರಾಜನು ಗುಡ್ಡದ ಮಗ್ಗುಲಲ್ಲಿ ಕೂತು, ಚೆನ್ನಾಗಿ ಹೋರಾಡಿದವರ ಹೆಸರುಗಳನ್ನು ಬರಿಸುತ್ತಾ ಅದನ್ನು ನೋಡಿದನು. ಮರು ವರುಷ ಪ್ಲತೇಯ ಎಂಬ ಬಯಲಿನಲ್ಲಿ ಉಳಿದ ದಂಡು ಸೋತಿತು. ಅಲ್ಲಿ ಪಾರಸಿಯರು ಧೈರ್ಯದಲ್ಲಿ ಕಡಿಮೆಯಾಗಲಿಲ್ಲವೆಂದು ಅವರ ಶತ್ರುವೇ ಸಾಕ್ಷಿ ಹೇಳುತ್ತಾನೆ. ಗುರಾಣಿಗಳ ಬೇಲಿ ಬಿದ್ದ ಮೇಲೆ, ಕವಚ ತೊಟ್ಟ ಗ್ರೀಕರ ಉದ್ದವಾದ ಈಟಿಗಳ ಎದುರಿಗೆ ಅವರ ಮೈಗೆ ಮರೆ ಇರಲಿಲ್ಲ. ರಾಜನ ಹೆಮ್ಮೆಯ ಸಾಲವನ್ನು ಬಡವರ ಮಕ್ಕಳು ತಮ್ಮ ರಕ್ತದಿಂದ ತೀರಿಸಿದರು.

ಆದರೆ ನ್ಯಾಯವಾಗಿ ಹೇಳಬೇಕಾದರೆ, ಆ ದಂಡಿನಿಂದ ಕೇಡು ಮಾತ್ರ ಉಂಟಾಯಿತೆನ್ನಲಾಗದು. ಕ್ರಿ.ಪೂ. 539ರಲ್ಲಿ ಕೋರೆಷನ ದಂಡು ಬಾಬೆಲನ್ನು ಹಿಡಿದದರಿಂದಲೇ ಸೆರೆಯಲ್ಲಿದ್ದ ದೇವಜನರು ಸ್ವದೇಶಕ್ಕೆ ತಿರುಗಿದರು. ತನ್ನನ್ನು ಅರಿಯದ ಆ ರಾಜನನ್ನು ದೇವರು ತನ್ನ ಅಭಿಷಿಕ್ತನೆಂದು ಕರೆದ ಸಂಗತಿಯನ್ನು ಯೆಶಾಯನ 45ನೇ ಅಧ್ಯಾಯದಲ್ಲಿ ಓದುತ್ತೇವೆ. ಸಾರ್ದಿಸಿನಿಂದ ಶೂಷನಿಗೆ ಹೋಗುವ ರಾಜಮಾರ್ಗದಲ್ಲಿ 111 ತಂಗುದಾಣಗಳು ಇದ್ದವೆಂದೂ, ನದಿಗಳನ್ನೂ ಕಣಿವೆಗಳನ್ನೂ ಕಾವಲುಗಾರರು ಕಾಯುತ್ತಿದ್ದರೆಂದೂ ತಿಳಿಯುತ್ತದೆ. ದಂಡು ಇಲ್ಲದ ದೇಶದಲ್ಲಿ ಕಳ್ಳನೇ ದೊರೆಯಾಗುವನು. ಅಧಿಕಾರಿಯು ಕತ್ತಿಯನ್ನು ಸುಮ್ಮನೆ ಹಿಡಿಯುವದಿಲ್ಲವೆಂಬ ಪೌಲನ ಬೋಧನೆಯನ್ನು ನಾವು ಮರೆಯಲಾಗದು. ಆದಕಾರಣ ಎಜ್ರನ ನಾಚಿಕೆಗೆ ದಂಡು ಅಶುದ್ಧವಾದದ್ದೆಂಬ ತಿರಸ್ಕಾರವು ಕಾರಣವಲ್ಲ. ಅವನು ರಾಜನ ಪತ್ರವನ್ನು ತಕ್ಕೊಂಡನು. ರಾಜನ ಬೆಳ್ಳಿಬಂಗಾರವನ್ನು ತಕ್ಕೊಂಡನು. ರಾಜನ ಹೃದಯದಲ್ಲಿ ಇಂಥ ಆಲೋಚನೆಯನ್ನು ಹುಟ್ಟಿಸಿದ್ದಕ್ಕಾಗಿ ದೇವರನ್ನು ಕೊಂಡಾಡಿದನು.

ಈಗ ಅವನ ಗುಂಪನ್ನು ನೋಡೋಣ. ಗಂಡಸರು ಸುಮಾರು 1500 ಮಂದಿ. ಇದಲ್ಲದೆ ಚಿಕ್ಕ ಮಕ್ಕಳು ಇದ್ದರು. ನಡೆಯಬೇಕಾದ ದಾರಿಯು ಸುಮಾರು 900 ಮೈಲು. ಹಿಡಿದ ಕಾಲವು ನಾಲ್ಕು ತಿಂಗಳು. ಅವರ ಕೈಯಲ್ಲಿ 650 ತಲಾಂತು ಬೆಳ್ಳಿಯೂ, 100 ತಲಾಂತು ತೂಕದ ಬೆಳ್ಳಿಯ ಪಾತ್ರೆಗಳೂ, 100 ತಲಾಂತು ಬಂಗಾರವೂ ಇದ್ದವು. ಒಂದು ತಲಾಂತು ಸುಮಾರು 30 ಕಿಲೋ ತೂಕವೆಂದರೆ ಅದು ಎಷ್ಟು ದೊಡ್ಡ ಭಾರವೆಂದು ಎಣಿಸಿಕೊಳ್ಳಿರಿ. ಆ ದಿನಗಳಲ್ಲಿ ಐಗುಪ್ತವು ಪಾರಸಿಯರಿಗೆ ತಿರುಗಿಬಿದ್ದಿತ್ತು. ರಾಜ್ಯದ ಪಡುವಣ ಸೀಮೆಗಳಲ್ಲಿ ಸಮಾಧಾನವಿರಲಿಲ್ಲ. ದಾರಿಯಲ್ಲಿ ಹೊಂಚುಹಾಕುವವರು ಇದ್ದರೆಂದು ಎಜ್ರನೇ ಬರೆಯುತ್ತಾನೆ. ಇಂಥ ಹೊರೆಯನ್ನು ಹೊತ್ತು ಇಂಥ ದಾರಿಯಲ್ಲಿ ಹೋಗುವವನು ಕಾವಲನ್ನು ಕೇಳಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಅವನು ರಾಜನ ಮುಂದೆ ಒಂದು ಮಾತು ಕೊಟ್ಟಿದ್ದನು. ಆ ಅನ್ಯರಾಜನು ಅದುವರೆಗೆ ದೇವರನ್ನು ಕುರಿತು ತಿಳಿದದ್ದರಲ್ಲಿ ಈ ಶಾಸ್ತ್ರಿಯ ಮಾತೂ ಒಂದು. ಮಾತು ಒಂದು, ನಡತೆ ಇನ್ನೊಂದಾದರೆ, ಸುಳ್ಳಾಗುವದು ಎಜ್ರನ ಹೆಸರು ಮಾತ್ರವಲ್ಲ, ಅವನು ಸಾರಿದ ದೇವರ ಹೆಸರೂ ಸುಳ್ಳೆಂದು ಕಾಣುವದು. ಇದೇ ಅವನ ನಾಚಿಕೆಯ ಬೇರು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ತನ್ನ ಮಾತನ್ನು ಉಳಿಸಿಕೊಳ್ಳುವದಕ್ಕೋಸ್ಕರ ಬೇರೆಯವರ ಮಕ್ಕಳನ್ನು ಅಪಾಯದಲ್ಲಿ ನಡಿಸುವದಕ್ಕೆ ಎಜ್ರನಿಗೆ ಅಧಿಕಾರವಿತ್ತೋ? ತನ್ನ ಪ್ರಾಣವನ್ನು ದೇವರಿಗೆ ಒಪ್ಪಿಸುವದು ವಿಶ್ವಾಸ. ನೆರೆಯವನ ಪ್ರಾಣವನ್ನು ಅವನನ್ನು ಕೇಳದೆ ಒಪ್ಪಿಸುವದು ವಿಶ್ವಾಸವೋ, ಹಟವೋ? ಈ ಪ್ರಶ್ನೆಯನ್ನು ದಾಟಿಹೋಗುವವರು ಎಜ್ರನನ್ನು ಅರ್ಧವೇ ಓದಿದವರು.

ಅವನು ಮಾಡಿದ್ದನ್ನು ಗಮನಿಸಿರಿ. ಅಹವಾ ಹೊಳೆಯ ಬಳಿಯಲ್ಲಿ ಎಲ್ಲರನ್ನೂ ನಿಲ್ಲಿಸಿದನು. ಉಪವಾಸವನ್ನು ಸಾರಿದನು. ತಮಗೂ ತಮ್ಮ ಮಕ್ಕಳಿಗೂ ತಮ್ಮ ಎಲ್ಲಾ ಸ್ವತ್ತಿಗೂ ಸರಿಯಾದ ದಾರಿಯನ್ನು ಬೇಡಿಕೊಳ್ಳಬೇಕೆಂದನು. ಅಪಾಯವನ್ನು ಅವನು ಜನರಿಗೆ ಮರೆಮಾಡಲಿಲ್ಲ. ಮಕ್ಕಳ ಹೆಸರನ್ನು ಎತ್ತಿಯೇ ಹೇಳಿದನು. ಉಪವಾಸಮಾಡಿ ಬೇಡಿಕೊಂಡವನು ಎಜ್ರನೊಬ್ಬನೇ ಅಲ್ಲ. ಎಲ್ಲರೂ ಕೂಡಿ ಬೇಡಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಅದೇ ಧೂಳಿನಲ್ಲಿ ಅವನೂ ನಡೆದನು. ಇದನ್ನು ಕ್ಸೆರ್ಕ್ಸನ ದಂಡಿಗೆ ಹೋಲಿಸಿ ನೋಡಿರಿ. ಅಲ್ಲಿ ಒಬ್ಬನ ಮನಸ್ಸು, ಲಕ್ಷ ಜನರ ಬೆನ್ನು; ಇಲ್ಲಿ ಎಲ್ಲರ ಪ್ರಾರ್ಥನೆ, ಎಲ್ಲರ ಪ್ರಯಾಣ. ಅಲ್ಲಿ ಮಗನನ್ನು ಕೇಳಿದ ತಂದೆಗೆ ಮಗನ ಹೆಣವು ಸಿಕ್ಕಿತು. ಇಲ್ಲಿ ಮಕ್ಕಳಿಗೋಸ್ಕರ ನಾಯಕನೇ ಜನರ ಸಂಗಡ ಬೇಡಿಕೊಂಡನು. ಅಲ್ಲಿ ನಾಯಕನು ಗುಡ್ಡದ ಮೇಲೆ ಕೂತನು. ಇಲ್ಲಿ ನಾಯಕನು ಗುಂಪಿನೊಳಗೆ ಇದ್ದನು.

ಇನ್ನೊಂದು ಸಂಗತಿಯನ್ನೂ ನೋಡಿರಿ. ಕಾವಲನ್ನು ಕೇಳದ ಎಜ್ರನು ತಕ್ಕಡಿಯನ್ನು ಮಾತ್ರ ಬಿಡಲಿಲ್ಲ. ಬೆಳ್ಳಿಬಂಗಾರವನ್ನು ಯಾಜಕರ ಕೈಗೆ ತೂಗಿ ಕೊಟ್ಟನು. ಯೆರೂಸಲೇಮಿಗೆ ಬಂದ ನಾಲ್ಕನೆಯ ದಿನ ದೇವಾಲಯದಲ್ಲಿ ಅದನ್ನು ತಿರಿಗಿ ತೂಗಿಸಿ, ತೂಕವನ್ನು ಬರಿಸಿದನು. ದೇವರನ್ನು ನಂಬಿದ್ದೇವೆಂದು ಹೇಳಿ ಸಭೆಯ ಹಣದ ಲೆಕ್ಕವನ್ನು ತೋರಿಸದವರು ಎಜ್ರನ ವಿಶ್ವಾಸವನ್ನು ತಮ್ಮದೆಂದು ಹೇಳಿಕೊಳ್ಳಲಾಗದು.

ನೆಹೆಮೀಯನ ಸಂಗತಿಯೇನು? ಅವನು ರಾಜನಿಂದ ಪತ್ರಗಳನ್ನೂ ಮರಗಳನ್ನೂ ಕೇಳಿಕೊಂಡನೆಂದು 2ನೇ ಅಧ್ಯಾಯದಲ್ಲಿ ಬರೆದದೆ. ರಾಹುತರನ್ನು ಕೇಳಿದನೆಂದು ಬರೆದಿಲ್ಲ. ರಾಜನೇ ಕಳುಹಿಸಿದನು, ನೆಹೆಮೀಯನು ಬೇಡವೆನ್ನಲಿಲ್ಲ. ಎಜ್ರನಂತೆ ಮಾತು ಕೊಟ್ಟ ಸಂಗತಿಯೂ ಅವನ ವಿಷಯದಲ್ಲಿ ಬರೆದಿಲ್ಲ. ಆದದರಿಂದ ಆ ರಾಹುತರನ್ನು ಕೂಡಿಕೊಂಡು ಹೋದದ್ದು ಅವನಿಗೆ ನಾಚಿಕೆಯಾಗಿರಲಿಲ್ಲ. ಆದರೂ ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರು ರಾಜನ ರಾಹುತರಲ್ಲ. ಸನ್ಬಲ್ಲಟನೂ ಟೋಬೀಯನೂ ಹೆದರಿಸಿದಾಗ ಊರಿನವರೇ ಒಂದು ಕೈಯಲ್ಲಿ ಕೆಲಸವನ್ನೂ ಇನ್ನೊಂದು ಕೈಯಲ್ಲಿ ಆಯುಧವನ್ನೂ ಹಿಡಿದು, ಪ್ರಾರ್ಥನೆಮಾಡಿ ಕಾವಲಿಟ್ಟು, 52 ದಿವಸಗಳಲ್ಲಿ ಕೆಲಸವನ್ನು ತೀರಿಸಿದರು. ಪೌಲನೂ ತನ್ನನ್ನು ಕೊಲ್ಲುವ ಒಳಸಂಚನ್ನು ಕೇಳಿದಾಗ ಸುಮ್ಮನಿರಲಿಲ್ಲ. ತನ್ನ ಸೋದರಳಿಯನನ್ನು ಸಹಸ್ರಾಧಿಪತಿಯ ಬಳಿಗೆ ಕಳುಹಿಸಿದನು. 470 ಸಿಪಾಯಿಗಳ ಮತ್ತು ರಾಹುತರ ಕಾವಲಿನಲ್ಲಿ ರಾತ್ರಿಯೇ ಹೊರಟನು.

ಆದರೆ ದಂಡಿನ ಮೇಲೆ ಮನಸ್ಸಿಡುವವರಿಗೆ ಎಚ್ಚರಿಕೆಯಾಗಿ ಒಂದು ಸಂಗತಿಯುಂಟು. ಐಗುಪ್ತದ ತೆಂಕಣ ಗಡಿಯಲ್ಲಿ, ನೈಲ್ ನದಿಯ ನಡುವೆ, ಎಲೆಫಂಟೀನ್ ಎಂಬ ದ್ವೀಪವಿದೆ. ಪಾರಸಿಯರ ಕಾಲದಲ್ಲಿ ಅಲ್ಲಿ ಯೆಹೂದ್ಯ ದಂಡಿನವರು ತಮ್ಮ ಹೆಂಡತಿ ಮಕ್ಕಳೊಂದಿಗೆ ವಾಸಮಾಡುತ್ತಾ ರಾಜನ ಗಡಿಯನ್ನು ಕಾಯುತ್ತಿದ್ದರು. ದೇವರ ಹೆಸರಿನಲ್ಲಿ ಅವರಿಗೆ ಒಂದು ಆಲಯವೂ ಇತ್ತು. ಅವರು ಅರಾಮ್ಯ ಭಾಷೆಯಲ್ಲಿ ಬರೆದ ಪತ್ರಗಳು ಮಣ್ಣಿನೊಳಗಿಂದ ಸಿಕ್ಕಿವೆ. ಕ್ರಿ.ಪೂ. 410ರಲ್ಲಿ ವಿದ್ರಂಗನೆಂಬ ಪಾರಸಿಯ ಅಧಿಕಾರಿಯು ಐಗುಪ್ತದ ಖ್ನೂಮ್ ದೇವತೆಯ ಪೂಜಾರಿಗಳೊಂದಿಗೆ ಒಂದಾಗಲು, ಅವನ ಮಗನಾದ ದಂಡಿನ ಸರದಾರನೇ ದಂಡನ್ನು ತಂದು ಆ ಆಲಯವನ್ನು ನೆಲಸಮ ಮಾಡಿಸಿದನು. ಯಾವ ದಂಡಿನಲ್ಲಿ ಅವರು ಈಟಿ ಹಿಡಿದಿದ್ದರೋ ಆ ದಂಡಿನ ಕೈಯೇ ಅವರ ಆಲಯದ ಮೇಲೆ ಬಿತ್ತು. ಅಧಿಕಾರಿಯ ಮನಸ್ಸು ತಿರುಗಿದರೆ ಕಾವಲೇ ಹಾವಳಿಯಾಗುವದು. ಮೂರು ವರುಷಗಳ ಮೇಲೆ ಅವರು ಯೆಹೂದದ ಅಧಿಪತಿಗೆ ಬರೆದ ಬಿನ್ನಹದಲ್ಲಿ, ತಾವು ಗೋಣಿತಟ್ಟು ಉಟ್ಟು ಉಪವಾಸವಿದ್ದೇವೆಂದು ತಿಳಿಸಿದ್ದಾರೆ. ಬಿನ್ನಹವನ್ನೂ ಬರೆದರು, ದೇವರನ್ನೂ ಬೇಡಿಕೊಂಡರು, ಎರಡನ್ನೂ ಬಿಡಲಿಲ್ಲ.

ಹೀಗಿರಲಾಗಿ, ಕಾವಲನ್ನು ಕೇಳುವದು ಪಾಪವೆಂದಾಗಲಿ ಕೇಳದಿರುವದು ಹುಚ್ಚುತನವೆಂದಾಗಲಿ ಒಂದೇ ನಿಯಮವನ್ನು ಮಾಡಲಾಗದು. ಆದರೆ ಠಾಣೆಗೆ ಹೋಗುವದಕ್ಕಿಂತ ಮುಂಚೆ, ಅಥವಾ ಹೋಗಬೇಡವೆಂದು ಇನ್ನೊಬ್ಬನಿಗೆ ಬುದ್ಧಿ ಹೇಳುವದಕ್ಕಿಂತ ಮುಂಚೆ, ನಮ್ಮ ಮನಸ್ಸನ್ನು ನಾವೇ ಶೋಧಿಸಬಹುದು. ನಾನು ಜನರ ಮುಂದೆ ಏನು ಹೇಳಿದ್ದೇನೆ? ಮನ್ನಿಸಿದೆನೆಂದು ಬೀದಿಯಲ್ಲಿ ಹೇಳಿ ಕಚೇರಿಯಲ್ಲಿ ಸೇಡು ತೀರಿಸಿಕೊಳ್ಳುವವನು ಎಜ್ರನ ನಾಚಿಕೆಯನ್ನು ಕಲಿಯಬೇಕು. ನಷ್ಟವು ಯಾರದು? ನನ್ನ ಅಂಗಿಯನ್ನು ನಾನು ಬಿಟ್ಟುಕೊಡಬಹುದು. ವಿಧವೆಯ ಹೊಲವನ್ನು ಬಿಟ್ಟುಕೊಡೆಂದು ಅವಳಿಗೆ ಹೇಳುವದಕ್ಕೆ ನಾನು ಯಾರು? ಅವಳು ಕಾವಲನ್ನು ಕೇಳುವದಾದರೆ ಸಭೆಯ ಹಿರಿಯರು ಅವಳ ಸಂಗಡ ನಡೆದುಹೋಗಲಿ. ಅದು ಅವಿಶ್ವಾಸವಲ್ಲ, ನ್ಯಾಯ. ಕೊನೆಗೆ, ಕಾವಲು ಯಾತಕ್ಕೆ ಬೇಕು? ಹಾನಿಯನ್ನು ತಡೆಯುವದಕ್ಕೋ, ನೆರೆಯವನನ್ನು ಹೆದರಿಸಿ ಬೀದಿಯಲ್ಲಿ ತಲೆ ಎತ್ತಿ ನಡೆಯುವದಕ್ಕೋ? ಬಲವುಳ್ಳವರ ನೆರಳಿನಲ್ಲಿ ನಿಂತು ನೆರೆಯವನ ಮೇಲೆ ಕಣ್ಣು ಕೆಂಪಾಗಿಸುವವನ ಕೈಯಲ್ಲಿ ಬಿಲ್ಲು ಇಲ್ಲದಿದ್ದರೂ, ಅವನು ಕ್ಸೆರ್ಕ್ಸನ ದಂಡಿನವನೇ.

ಇದನ್ನು ಓದಿದವರು, ಎಜ್ರನಂತೆ ನಂಬಿದರೆ ದಾರಿಯಲ್ಲಿ ಎಂದೂ ಕೇಡು ಬರುವದಿಲ್ಲವೆಂದು ತಿಳಿಯದಿರಲಿ. ಎಜ್ರನ ಗುಂಪು ಸುಖವಾಗಿ ಸೇರಿತು. ಸ್ತೆಫನನಾದರೋ ಕಲ್ಲೆಸೆತದಿಂದ ಸತ್ತನು. ಇಬ್ಬರ ಮೇಲೆಯೂ ದೇವರ ಕೈ ಇತ್ತು. ಆ ಕೈಯು ನಮ್ಮನ್ನು ಯಾವಾಗಲೂ ಪೆಟ್ಟಿನಿಂದ ತಪ್ಪಿಸುವದೆಂದು ವಾಗ್ದಾನವಿಲ್ಲ. ನಮ್ಮನ್ನು ಬಿಡುವದಿಲ್ಲವೆಂದು ವಾಗ್ದಾನವುಂಟು. ಶೂಷನಿನ ಅರಮನೆಯ ದಂಡು ಕ್ರಿ.ಪೂ. 331ರಲ್ಲಿ ಗೌಗಮೇಲ ಎಂಬಲ್ಲಿ ಅಲೆಕ್ಸಾಂದರನ ಮುಂದೆ ಚದರಿಹೋಯಿತು. ಅಮರರೆಂಬ ಹೆಸರು ಪುಸ್ತಕದಲ್ಲಿ ಮಾತ್ರ ಉಳಿಯಿತು. ಅಹವಾ ಹೊಳೆಯ ಬಳಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಉಪವಾಸವಿದ್ದ ಆ ಸಣ್ಣ ಗುಂಪು ಕಾಪಾಡಿ ತಂದ ಧರ್ಮಶಾಸ್ತ್ರವನ್ನಾದರೋ ಇಂದಿಗೂ ನಮ್ಮ ಸಭೆಗಳಲ್ಲಿ ಓದುತ್ತೇವೆ. ನಾವೂ ಸಣ್ಣ ಗುಂಪೇ. ನಮ್ಮ ಮಾತೂ ನಡತೆಯೂ ಒಂದಾಗಿರುವಂತೆ ಕರ್ತನು ನಮಗೆ ಕೃಪೆಮಾಡಲಿ.